ಎತ್ತು ಏರಿಗೆ, ಕೋಣ ನೀರಿಗೆ: ಮೊಬೈಲಿನ ವೇಗಕ್ಕೂ ಬ್ಯಾಟರಿಯ ಬಾಳಿಗೂ ನಡೆದಿರುವ ಜಗ್ಗಾಟ

ಮಂಗಳೂರಿನ ಹಂಪನಕಟ್ಟೆಯಿಂದ ಸ್ಟೇಟ್ ಬ್ಯಾಂಕಿನ ಕಡೆಗೆ ಹೋಗುವ ದಾರಿಯಲ್ಲಿ, ಸಂಜೆಯ ಹೊತ್ತು ಯಾವುದಾದರೊಂದು ಮೊಬೈಲ್ ರಿಪೇರಿ ಅಂಗಡಿಯ ಮುಂದೆ ಕ್ಷಣಕಾಲ ನಿಂತು ನೋಡಿದರೆ, ಅಲ್ಲಿಗೆ ಬರುವ ಗಿರಾಕಿಗಳು ಮುಖ್ಯವಾಗಿ ಎರಡು ಬಗೆಯವರೆಂಬುದು ತಿಳಿದುಬರುತ್ತದೆ. ಮೊದಲನೆಯವನು ಕಾಲೇಜು ತರುಣ. “ಗೇಮ್ ಹಾಕಿದ್ರೆ ಹ್ಯಾಂಗ್ ಆಗ್ತದೆ ಮಾರಾಯ್ರೆ, ಏನಾದ್ರೂ ಮಾಡಿ ಸ್ವಲ್ಪ ಸ್ಪೀಡ್ ಮಾಡಿ ಕೊಡಿ” ಎಂಬುದು ಅವನ ಅಹವಾಲು. ಎರಡನೆಯವನು ಆಟೋರಿಕ್ಷಾ ಓಡಿಸುವವನೋ, ಮನೆಮನೆಗೆ ಊಟದ ಪೊಟ್ಟಣ ತಲಪಿಸುವವನೋ ಆಗಿರುತ್ತಾನೆ. “ಬೆಳಿಗ್ಗೆ ನೂರು ಇದ್ದದ್ದು ಮಧ್ಯಾಹ್ನ ಊಟದ ಹೊತ್ತಿಗೆ ಇಪ್ಪತ್ತಕ್ಕೆ ಬರ್ತದೆ, ಎಂತ ಮಾಡುವುದು ಅಣ್ಣ?” ಎಂಬುದು ಅವನ ಸಂಕಟ.

ಒಬ್ಬನಿಗೆ ವೇಗ ಬೇಕು. ಇನ್ನೊಬ್ಬನಿಗೆ ಬಾಳಿಕೆ ಬೇಕು. ಇಬ್ಬರ ಬೇಡಿಕೆಯೂ ನ್ಯಾಯವಾದದ್ದೇ. ಆದರೆ ಅಂಗೈಯಗಲದ ಆ ಒಂದೇ ಯಂತ್ರದಲ್ಲಿ ಈ ಎರಡು ಬೇಡಿಕೆಗಳು ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿವೆ. “ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು” ಎಂಬ ನಮ್ಮ ಗಾದೆಗೆ ಇದಕ್ಕಿಂತ ಉತ್ತಮವಾದ ನಿದರ್ಶನವನ್ನು ಈ ಕಾಲದಲ್ಲಿ ಹುಡುಕಲಾರೆವು. ಪ್ರೊಸೆಸರು ಏರಿಗೆ ಎಳೆಯುತ್ತದೆ. ಬ್ಯಾಟರಿಯು ನೀರಿಗೆ ಎಳೆಯುತ್ತದೆ. ನೊಗ ಹೂಡಿದವನು ಮಾತ್ರ ನಡುವೆ ಸಿಕ್ಕಿಕೊಂಡಿದ್ದಾನೆ. ಈ ಜಗ್ಗಾಟದ ಮರ್ಮವೇನು, ಅದರಲ್ಲಿ ನಮ್ಮ ಪಾಲಿನ ವಿವೇಕವೇನು ಎಂಬುದನ್ನು ಕೊಂಚ ವಿಚಾರಿಸೋಣ.

ಭಾಗವತರ ತಾಳ

ಮೊಬೈಲಿನ ಒಡಲಲ್ಲಿ ಉಗುರಿನಗಲದ ಒಂದು ಚಿಪ್ ಇದೆ. ಲೆಕ್ಕ ಹಾಕುವುದು, ಚಿತ್ರ ಮೂಡಿಸುವುದು, ದಾರಿ ತೋರಿಸುವುದು, ಹಣ ದಾಟಿಸುವುದು ಎಲ್ಲವೂ ಅದರ ಕೆಲಸ. ಅದರೊಳಗೆ ನೂರಾರು ಕೋಟಿ ಟ್ರಾನ್ಸಿಸ್ಟರುಗಳೆಂಬ ಅತಿ ಸೂಕ್ಷ್ಮವಾದ ವಿದ್ಯುತ್ ಕದಗಳು ತೆರೆಯುತ್ತ ಮುಚ್ಚುತ್ತ ಇರುತ್ತವೆ. ಇಷ್ಟೊಂದು ಕದಗಳು ತಮತಮಗೆ ತೋಚಿದಂತೆ ತೆರೆದು ಮುಚ್ಚಿದರೆ ಗತಿಯೇನು? ಅದಕ್ಕಾಗಿ ಅವುಗಳಿಗೆಲ್ಲ ಒಂದೇ ತಾಳವನ್ನು ಗೊತ್ತುಮಾಡಿದ್ದಾರೆ. ಯಕ್ಷಗಾನದ ರಂಗಸ್ಥಳದಲ್ಲಿ ಭಾಗವತರ ತಾಳಕ್ಕೆ ಸರಿಯಾಗಿ ವೇಷಗಳೆಲ್ಲ ಹೆಜ್ಜೆಯಿಡುವಂತೆ, ಚಿಪ್ಪಿನೊಳಗಿನ ಪ್ರತಿಯೊಂದು ಕದವೂ ಈ ತಾಳದ ಒಂದೊಂದು ಪೆಟ್ಟಿಗೆ ತನ್ನ ಕೆಲಸದ ಒಂದೊಂದು ಹೆಜ್ಜೆಯನ್ನು ಮುಗಿಸಬೇಕು. ಈ ತಾಳಕ್ಕೆ ‘ಕ್ಲಾಕ್’ ಎಂದು ಹೆಸರು. ಸೆಕೆಂಡಿಗೆ 100 ಕೋಟಿ ಪೆಟ್ಟು ಬಿದ್ದರೆ ಅದನ್ನು ಒಂದು ಗಿಗಾಹರ್ಟ್ಸ್ ಎನ್ನುತ್ತಾರೆ. 2024ರ ಅಕ್ಟೋಬರಿನಲ್ಲಿ ಪ್ರಕಟವಾದ ‘ಸ್ನ್ಯಾಪ್‌ಡ್ರ್ಯಾಗನ್ 8 ಎಲೀಟ್’ ಎಂಬ ಚಿಪ್ಪಿನ ಅತಿವೇಗದ ಲಯ 4.32 ಗಿಗಾಹರ್ಟ್ಸ್, ಎಂದರೆ ನಾವು ಒಮ್ಮೆ ಚಿಟಿಕೆ ಹೊಡೆಯುವಷ್ಟರಲ್ಲಿ ಕೋಟಿಗಟ್ಟಲೆ ಪೆಟ್ಟುಗಳು!

ಭಾಗವತರು ಲಯವನ್ನು ಏರಿಸಿದರೆ ಕುಣಿತವೂ ಬಿರುಸಾಗುತ್ತದೆ. ಆದರೆ ಅದಕ್ಕೂ ಒಂದು ಮಿತಿಯಿದೆ. ಒಂದು ಹೆಜ್ಜೆ ನೆಲ ಮುಟ್ಟುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ವೇಷಧಾರಿಯ ಕುಣಿತ ತಪ್ಪುತ್ತದೆ. ಚಿಪ್ಪಿನಲ್ಲಿಯೂ ಅಷ್ಟೆ. ಕದ ಪೂರ್ತಿ ತೆರೆಯುವ ಮೊದಲೇ ಮುಂದಿನ ಪೆಟ್ಟು ಬಿದ್ದರೆ ಲೆಕ್ಕ ತಪ್ಪುತ್ತದೆ. ಫೋನು ನಿಂತಲ್ಲೇ ನಿಲ್ಲುತ್ತದೆ, ಇಲ್ಲವೆ ತಾನಾಗಿ ಆರಿ ಹೊತ್ತಿಕೊಳ್ಳುತ್ತದೆ. ಎಲ್ಲ ಚಿಪ್ಪುಗಳೂ ಒಂದೇ ಅಚ್ಚಿನಿಂದ ಬಂದವಾದರೂ ಅವುಗಳ ಕಸುವು ಒಂದೇ ಸಮನಾಗಿರುವುದಿಲ್ಲ. ಆದುದರಿಂದ ತಯಾರಕರು, ಆ ಬಗೆಯ ಚಿಪ್ಪುಗಳಲ್ಲಿ ದುರ್ಬಲವಾದುದೂ ತಡೆದುಕೊಳ್ಳಬಲ್ಲಂಥ ಲಯವನ್ನು ಗೊತ್ತುಪಡಿಸಿ, ಮೇಲೆ ಸ್ವಲ್ಪ ಎಡೆಯನ್ನೂ ಉಳಿಸಿರುತ್ತಾರೆ. ಹೀಗೆ ಉಳಿಸಿಟ್ಟ ಎಡೆಯನ್ನು ಬಳಸಿಕೊಂಡು, ನೇಮಿಸಿದ ಲಯಕ್ಕಿಂತ ಹೆಚ್ಚಿನ ಲಯದಲ್ಲಿ ಚಿಪ್ಪನ್ನು ಓಡಿಸುವ ಸಾಹಸಕ್ಕೆ ‘ಓವರ್‌ಕ್ಲಾಕಿಂಗ್’ ಎಂದು ಹೆಸರು.

ವರ್ಗದ ಬಡ್ಡಿ

ಲಯ ಏರಿದಾಗ ಕದಗಳು ಬೇಗ ತೆರೆಯಬೇಕು. ಬೇಗ ತೆರೆಯಬೇಕಾದರೆ ಅವುಗಳನ್ನು ಹೆಚ್ಚು ಬಲದಿಂದ ನೂಕಬೇಕು. ಈ ನೂಕುವ ಬಲವೇ ವೋಲ್ಟೇಜು. ತೊಡಕು ಹುಟ್ಟುವುದು ಇಲ್ಲಿಯೇ. ಚಿಪ್ಪು ಕೆಲಸ ಮಾಡುವಾಗ ನುಂಗುವ ವಿದ್ಯುತ್ತು ಲಯ ಏರಿದಷ್ಟೇ ಪ್ರಮಾಣದಲ್ಲಿ ಏರುತ್ತದೆ; ಅದು ಸಹಜ. ಆದರೆ ವೋಲ್ಟೇಜಿನ ಸಂಬಂಧದಲ್ಲಿ ಅದು ವರ್ಗದ ಪ್ರಮಾಣದಲ್ಲಿ ಏರುತ್ತದೆ. ವೋಲ್ಟೇಜು ಎರಡರಷ್ಟಾದರೆ ಖರ್ಚು ನಾಲ್ಕರಷ್ಟು. ಸಾಲ ಕೊಡುವ ಸಾಹುಕಾರನು ಅಸಲಿಗಷ್ಟೇ ಅಲ್ಲದೆ ಅಸಲಿನ ವರ್ಗಕ್ಕೆ ಬಡ್ಡಿ ಹಾಕಿದರೆ ಹೇಗೋ ಹಾಗೆ!

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಲಯವನ್ನು ನೂರಕ್ಕೆ 20ರಷ್ಟು ಏರಿಸಿದೆವೆನ್ನಿ. ಅದಕ್ಕಾಗಿ ವೋಲ್ಟೇಜನ್ನು ನೂರಕ್ಕೆ 10ರಷ್ಟು ಹೆಚ್ಚಿಸಬೇಕಾಯಿತೆನ್ನಿ. ಆಗ ಚಿಪ್ಪಿನ ಖರ್ಚು 1.2ನ್ನು 1.21ರಿಂದ ಗುಣಿಸಿದಷ್ಟು, ಎಂದರೆ ಮೊದಲಿಗಿಂತ ನೂರಕ್ಕೆ 45ರಷ್ಟು ಹೆಚ್ಚು. ದೊರೆತ ವೇಗ 20. ತೆತ್ತ ಬೆಲೆ 45. “ಕೆಲಸ ಬೇಗ ಮುಗಿಯುವುದರಿಂದ ಕೊನೆಗೆ ಲೆಕ್ಕ ಸರಿಹೋಗುವುದಿಲ್ಲವೆ?” ಎಂದು ಜಾಣನಾದ ಓದುಗನು ಕೇಳಬಹುದು. ಪೂರ್ತಿ ಸರಿಹೋಗುವುದಿಲ್ಲ. ಬೇಗ ಮುಗಿದ ಸಮಯವನ್ನು ಕಳೆದ ಮೇಲೂ, ಅದೇ ಕೆಲಸಕ್ಕೆ ಚಿಪ್ಪು ನೂರಕ್ಕೆ 21ರಷ್ಟು ಹೆಚ್ಚು ವಿದ್ಯುತ್ತನ್ನು ನುಂಗಿರುತ್ತದೆ.

ಇದನ್ನು ಗಂಟೆಗಳ ಲೆಕ್ಕಕ್ಕೆ ಇಳಿಸೋಣ. ಇಂದಿನ ಫೋನುಗಳಲ್ಲಿ ಸಾಮಾನ್ಯವಾಗಿ ಕಾಣುವ 5,000 ಮಿಲಿಆಂಪಿಯರ್-ಅವರಿನ ಬ್ಯಾಟರಿಯಲ್ಲಿ ಹಿಡಿಯುವ ಶಕ್ತಿ ಸುಮಾರು 19 ವ್ಯಾಟ್-ಅವರು. ಆಟವಾಡುವಾಗ ಚಿಪ್ಪು 3 ವ್ಯಾಟ್, ಪರದೆ ಮೊದಲಾದವು 2 ವ್ಯಾಟ್ ಬಳಸಿದರೆ, ತುಂಬಿದ ಬ್ಯಾಟರಿಯು 3 ಗಂಟೆ 48 ನಿಮಿಷ ಬಾಳುತ್ತದೆ. ಚಿಪ್ಪಿನ ಖರ್ಚು ಮೇಲೆ ಹೇಳಿದಂತೆ ಏರಿದರೆ ಅದು ಮೂರೇ ಗಂಟೆಗೆ ಬಂದು ನಿಲ್ಲುತ್ತದೆ. ಮುಕ್ಕಾಲು ಗಂಟೆಗೂ ಹೆಚ್ಚಿನ ಆಯುಷ್ಯ ಹೋಯಿತು. ಇದರ ತಿರುವುಮುರುವು ಲೆಕ್ಕವೂ ಅಷ್ಟೇ ಸ್ವಾರಸ್ಯವಾಗಿದೆ: ಲಯವನ್ನೂ ವೋಲ್ಟೇಜನ್ನೂ ನೂರಕ್ಕೆ ಹತ್ತರಂತೆ ತಗ್ಗಿಸಿದರೆ ಚಿಪ್ಪಿನ ಖರ್ಚು ನೂರಕ್ಕೆ 27ರಷ್ಟು ಇಳಿಯುತ್ತದೆ. ಸ್ವಲ್ಪ ತಾಳ್ಮೆಗೆ ಬಹಳ ಲಾಭ!

ಹಿಂದೊಂದು ಕಾಲದಲ್ಲಿ ಈ ಬಡ್ಡಿಯ ಬಾಧೆ ಇಷ್ಟಿರಲಿಲ್ಲ. ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿಕೊಟ್ಟಂತೆ, ಟ್ರಾನ್ಸಿಸ್ಟರನ್ನು ಚಿಕ್ಕದು ಮಾಡಿದಷ್ಟೂ ಅದಕ್ಕೆ ಬೇಕಾದ ವೋಲ್ಟೇಜೂ ಕಡಿಮೆಯಾಗುತ್ತಿತ್ತು. ಆದುದರಿಂದ ಹಲವು ವರ್ಷಗಳ ಕಾಲ ವೇಗವು ಹೆಚ್ಚುಕಡಿಮೆ ಪುಕ್ಕಟೆಯಾಗಿ ದೊರೆಯಿತು. ಆದರೆ 2005-06ರ ಸುಮಾರಿಗೆ ಆ ಭಾಗ್ಯ ಮುಗಿಯಿತು. ಕದಗಳು ಎಷ್ಟು ತೆಳುವಾದವೆಂದರೆ, ಮುಚ್ಚಿದ್ದಾಗಲೂ ಅವುಗಳ ಸಂದಿನಿಂದ ವಿದ್ಯುತ್ತು ಸೋರತೊಡಗಿತು. ಚಿಪ್ಪು ಕಾದಷ್ಟೂ ಆ ಸೋರಿಕೆ ಹೆಚ್ಚು. ಸೋರಿದಷ್ಟೂ ಕಾವು ಹೆಚ್ಚು. ಅಂದಿನಿಂದ ವೇಗವೆಂಬುದು ಬೆಲೆ ತೆತ್ತು ಕೊಳ್ಳಬೇಕಾದ ಸರಕಾಯಿತು.

ಕಂಬಳದ ಪಾಠ

ಹಾಗಾದರೆ ವೇಗ ಬೇಡವೆ? ಬೇಡವೆಂದು ಯಾರೂ ಹೇಳುವುದಿಲ್ಲ. ಯಾವಾಗ, ಎಷ್ಟು ಹೊತ್ತು ಎಂಬುದೇ ಪ್ರಶ್ನೆ. ಇದಕ್ಕೆ ಉತ್ತರವನ್ನು ದೂರದ ಅಮೆರಿಕದಲ್ಲಿ ಹುಡುಕಬೇಕಾಗಿಲ್ಲ; ನಮ್ಮ ಕಂಬಳದ ಗದ್ದೆಯೇ ಹೇಳುತ್ತದೆ.

2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ತಮ್ಮ ಜೋಡಿ ಕೋಣಗಳೊಡನೆ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದ ಸುದ್ದಿ ದೇಶವನ್ನೆಲ್ಲ ಸುತ್ತಿ ಬಂದಿತಷ್ಟೆ. ಆ ಓಟ ಕೆಲವೇ ಸೆಕೆಂಡುಗಳದು. ಅದರ ಹಿಂದೆ ತಿಂಗಳುಗಟ್ಟಲೆಯ ಹುರುಳಿಯ ಆರೈಕೆ, ಎಣ್ಣೆಯ ನೀವುವಿಕೆ, ಕೆರೆಯ ಮೀಹ ಎಲ್ಲ ಇವೆ. ಓಟ ಮುಗಿದ ಕೂಡಲೇ ಕೋಣಗಳಿಗೆ ನೀರೆರಚಿ ನೆರಳಿಗೆ ಒಯ್ಯುತ್ತಾರೆ. ಅದೇ ಕೋಣಗಳನ್ನು ಅದೇ ವೇಗದಲ್ಲಿ ಐಕಳದಿಂದ ಮಂಗಳೂರಿನವರೆಗೆ ಓಡಿಸುವೆನೆಂದು ಹೊರಟವನನ್ನು ಕಂಬಳದ ಯಜಮಾನರು ಗದ್ದೆಗೇ ಬಿಡಲಾರರು.

ಚಿಪ್ಪುಗಳನ್ನು ರಚಿಸುವವರು ಹಿಡಿದಿರುವ ದಾರಿಯೂ ಇದೇ. ಬೆರಳು ಪರದೆಯನ್ನು ಮುಟ್ಟಿದ ಕ್ಷಣ ಲಯವನ್ನು ಏರಿಸು, ಕೆಲಸ ಮುಗಿದೊಡನೆ ಇಳಿಸು, ಬಿಡುವು ದೊರೆತರೆ ನಿದ್ರೆ ಹೋಗು. ಲಿನಕ್ಸ್ ಎಂಬ ಮೂಲ ತಂತ್ರಾಂಶದಲ್ಲಿ ಈ ಕೆಲಸ ನೋಡಿಕೊಳ್ಳುವ ಭಾಗಕ್ಕೆ ‘ಗವರ್ನರ್’ ಎನ್ನುತ್ತಾರೆ. ಅವುಗಳಲ್ಲಿ ಪ್ರಸಿದ್ಧವಾದ ‘ಆನ್‌ಡಿಮಾಂಡ್’ ಗವರ್ನರಿನ ವಿಷಯವಾಗಿ ವೆಂಕಟೇಶ ಪಲ್ಲಿಪಾಡಿ ಮತ್ತು ಅಲೆಕ್ಸಿ ಸ್ಟಾರಿಕೋವ್‌ಸ್ಕಿ ಎಂಬಿಬ್ಬರು 2006ರಲ್ಲಿ ಕೆನಡಾದ ಒಟ್ಟಾವಾದಲ್ಲಿ ನಡೆದ ಲಿನಕ್ಸ್ ಸಮ್ಮೇಳನದಲ್ಲಿ ಪ್ರಬಂಧವನ್ನು ಮಂಡಿಸಿದರು. ಬೇಡಿಕೆ ಬಂದಾಗ ಏರುವುದು, ಇಲ್ಲದಾಗ ಇಳಿಯುವುದು ಎಂಬುದೇ ಅದರ ನೀತಿ. ಮೊದಮೊದಲಿನ ಅನೇಕ ಆಂಡ್ರಾಯ್ಡ್ ಫೋನುಗಳು ಇದೇ ಗವರ್ನರಿನ ಆಳ್ವಿಕೆಯಲ್ಲಿ ನಡೆದವು.

2011ರಲ್ಲಿ ಇಂಗ್ಲೆಂಡಿನ ಆರ್ಮ್ ಸಂಸ್ಥೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಒಂದೇ ಚಿಪ್ಪಿನಲ್ಲಿ ಬಲಶಾಲಿಯಾದ ದೊಡ್ಡ ಕೋರುಗಳನ್ನೂ ಮಿತವ್ಯಯಿಯಾದ ಚಿಕ್ಕ ಕೋರುಗಳನ್ನೂ ಇರಿಸಿ, ಭಾರದ ಕೆಲಸವನ್ನು ದೊಡ್ಡವಕ್ಕೂ ಹಗುರವಾದುದನ್ನು ಚಿಕ್ಕವಕ್ಕೂ ಹಂಚಿಕೊಡುವ ಏರ್ಪಾಟು ಅದು. ಮಿತವ್ಯಯವು ಆ ವಂಶಕ್ಕೆ ಹುಟ್ಟಿನಿಂದಲೇ ಬಂದ ಗುಣ. 1985ರ ಏಪ್ರಿಲ್ 26ರಂದು ಕೇಂಬ್ರಿಜ್ ಪಟ್ಟಣದಲ್ಲಿ ಮೊತ್ತಮೊದಲಿನ ಆರ್ಮ್ ಚಿಪ್ಪು ಕೆಲಸಕ್ಕೆ ತೊಡಗಿತು. ಅದರ ರಚನಕಾರರಲ್ಲೊಬ್ಬರಾದ ಸ್ಟೀವ್ ಫರ್ಬರ್ ಅದು ಎಷ್ಟು ವಿದ್ಯುತ್ತು ಬಳಸುತ್ತದೆಂದು ಅಳೆಯಲು ಮೀಟರನ್ನು ಜೋಡಿಸಿದಾಗ ಮುಳ್ಳು ಸೊನ್ನೆಯಲ್ಲೇ ನಿಂತಿತ್ತಂತೆ! ಪರೀಕ್ಷಿಸಿದಾಗ ಚಿಪ್ಪಿಗೆ ವಿದ್ಯುತ್ತಿನ ಸಂಪರ್ಕವೇ ಆಗಿರಲಿಲ್ಲವೆಂದು ತಿಳಿಯಿತು. ಪಕ್ಕದ ತಂತಿಗಳಿಂದ ಹರಿದುಬಂದ ಚೂರುಪಾರು ವಿದ್ಯುತ್ತಿನಲ್ಲಿಯೇ ಅದು ಲೆಕ್ಕ ಮಾಡುತ್ತಿತ್ತು. ಇಂದು ನಮ್ಮ ಕಿಸೆಗಳಲ್ಲಿರುವ ಫೋನುಗಳಲ್ಲಿ ಓಡುತ್ತಿರುವುದು ಅದರ ಸಂತತಿಯೇ.

ಸಾಹಸಿಗಳ ಕಾಲ

ಆದರೆ ಮನುಷ್ಯಸ್ವಭಾವ ಇದ್ದುದರಲ್ಲಿ ತೃಪ್ತಿಪಡುವಂಥದಲ್ಲ. 2008ರಲ್ಲಿ ಮಾರಾಟಕ್ಕೆ ಬಂದ ಮೊದಲ ಆಂಡ್ರಾಯ್ಡ್ ಫೋನಾದ ಟಿ-ಮೊಬೈಲ್ ಜಿ1ರ ಚಿಪ್ಪು 528 ಮೆಗಾಹರ್ಟ್ಸ್ ಲಯದಲ್ಲಿ ಓಡಬಲ್ಲುದಾಗಿದ್ದರೂ, ಅದನ್ನು 384ಕ್ಕೆ ಕಟ್ಟಿಹಾಕಿದ್ದರು. ಹವ್ಯಾಸಿಗಳು ಆ ಕಟ್ಟನ್ನು ಬಿಚ್ಚಿದರು. 2009ರ ಮೊಟೊರೊಲಾ ಡ್ರಾಯ್ಡ್ ಫೋನಿನ 550 ಮೆಗಾಹರ್ಟ್ಸಿನ ಚಿಪ್ಪನ್ನು ಕೆಲವರು ಒಂದು ಗಿಗಾಹರ್ಟ್ಸಿಗೂ ಮೇಲೆ ಓಡಿಸಿ ಮೀಸೆ ತಿರುವಿದರು. ಫೋನನ್ನು ‘ರೂಟ್’ ಮಾಡಿ, ಎಂದರೆ ಅದರ ಆಡಳಿತದ ಬೀಗದಕೈಯನ್ನು ತಾವೇ ವಶಪಡಿಸಿಕೊಂಡು, ಹೊಸ ಕರ್ನೆಲನ್ನು ತುಂಬಿ, ಲಯವನ್ನೂ ವೋಲ್ಟೇಜನ್ನೂ ಬೇಕಾದಂತೆ ತಿರುಚುವ ವಿದ್ಯೆ ಅಂದಿನ ತರುಣರಿಗೆ ಒಂದು ವ್ಯಸನವೇ ಆಗಿತ್ತು.

ಅವರಲ್ಲಿ ಎಲ್ಲರೂ ವೇಗದ ಹುಚ್ಚಿನವರಾಗಿರಲಿಲ್ಲವೆಂಬುದನ್ನು ಹೇಳಲೇಬೇಕು. ಲಯವನ್ನು ಹಾಗೆಯೇ ಉಳಿಸಿಕೊಂಡು ವೋಲ್ಟೇಜನ್ನು ಮಾತ್ರ ಒಂದೊಂದೇ ಮೆಟ್ಟಿಲು ಇಳಿಸುತ್ತ, ಫೋನು ಎಲ್ಲಿಯವರೆಗೆ ತಡೆದುಕೊಳ್ಳುತ್ತದೆಂದು ನೋಡಿ, ಬ್ಯಾಟರಿಯ ಬಾಳನ್ನು ಹೆಚ್ಚಿಸಿಕೊಂಡ ಜಾಣರೂ ಇದ್ದರು. ತಯಾರಕರು ಬಿಟ್ಟ ಎಡೆಯನ್ನು ಒಬ್ಬನು ವೇಗಕ್ಕೆ ಬಳಸಿದರೆ ಇನ್ನೊಬ್ಬನು ಉಳಿತಾಯಕ್ಕೆ ಬಳಸಿದನು. ಎಡೆ ಒಂದೇ, ಬುದ್ಧಿ ಎರಡು.

ಇಂದು ಆ ಸಾಹಸದ ದಾರಿ ಕಿರಿದಾಗಿದೆ. ಅನೇಕ ಕಂಪನಿಗಳು ಬೀಗವನ್ನು ಬಿಗಿಗೊಳಿಸಿವೆ. ಬೀಗ ಮುರಿದರೆ ವಾರಂಟಿಗೆ ಕುತ್ತು. 2016ರಲ್ಲಿ ಯುಪಿಐ ಬಂದ ಮೇಲಂತೂ ಫೋನೇ ಹಣದ ಚೀಲವಾಗಿದೆ. ರೂಟ್ ಮಾಡಿದ ಫೋನಿನಲ್ಲಿ ಅನೇಕ ಬ್ಯಾಂಕುಗಳ ಆ್ಯಪುಗಳು ತೆರೆಯಲೊಲ್ಲವು. ವೇಗಕ್ಕಾಗಿ ಚೀಲವನ್ನೇ ಕಳೆದುಕೊಳ್ಳಲು ಯಾರು ಒಪ್ಪುತ್ತಾರೆ?

ಮನೆಯೊಡೆಯನಿಗೆ ತಿಳಿಯದ ಒಪ್ಪಂದ

ಹವ್ಯಾಸಿಗಳು ಮಾಡಿದ್ದು ಕಣ್ತೆರೆದು ಮಾಡಿದ ಸಾಹಸ. ಆದರೆ ವೇಗ ಮತ್ತು ಬ್ಯಾಟರಿಗಳ ನಡುವಣ ಈ ಕೊಡುಕೊಳೆಯನ್ನು ಕಂಪನಿಗಳೇ ಬಳಕೆದಾರರಿಗೆ ತಿಳಿಸದೆ ನಡೆಸಿದ ಉದಾಹರಣೆಗಳೂ ಇವೆ.

2013ರ ಜುಲೈಯಲ್ಲಿ ‘ಆನಂದ್‌ಟೆಕ್’ ಪತ್ರಿಕೆಯವರು ಒಂದು ಸಂಗತಿಯನ್ನು ಬೆಳಕಿಗೆ ತಂದರು. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್4 ಫೋನಿನ ಒಂದು ಮಾದರಿಯಲ್ಲಿ, ಚಿತ್ರ ಮೂಡಿಸುವ ಭಾಗವು ಸಾಮಾನ್ಯ ಆಟಗಳಲ್ಲಿ 480 ಮೆಗಾಹರ್ಟ್ಸಿನಲ್ಲಿ ಓಡುತ್ತಿದ್ದರೆ, ವೇಗವನ್ನು ಅಳೆಯುವ ಕೆಲವು ಪರೀಕ್ಷೆಗಳ ಸುಳಿವು ಸಿಕ್ಕಿದೊಡನೆ 530ಕ್ಕೂ ಮೇಲೆ ಏರುತ್ತಿತ್ತು. ಪರೀಕ್ಷಕರು ಬಂದ ದಿನ ಮಾತ್ರ ಮಡಿಯುಟ್ಟು ಕೂರುವ ವಿದ್ಯಾರ್ಥಿಯ ಹಾಗೆ!

2017ರ ಡಿಸೆಂಬರಿನಲ್ಲಿ ಹೊರಬಿದ್ದ ಆಪಲ್ ಕಂಪನಿಯ ಪ್ರಸಂಗ ಇದಕ್ಕೆ ತದ್ವಿರುದ್ಧವಾದದ್ದು. ಹಳೆಯ ಐಫೋನುಗಳು ನಿಧಾನವಾಗಿವೆಯೆಂದೂ, ಬ್ಯಾಟರಿ ಬದಲಿಸಿದರೆ ಮತ್ತೆ ಮೊದಲಿನ ವೇಗಕ್ಕೆ ಬರುತ್ತವೆಯೆಂದೂ ಬಳಕೆದಾರರು ಕಂಡುಕೊಂಡರು. ವೇಗದ ಪರೀಕ್ಷೆಯನ್ನು ರೂಪಿಸಿದ ಜಾನ್ ಪೂಲ್ ಅಂಕಿ-ಅಂಶಗಳ ನಕ್ಷೆಯನ್ನೇ ಪ್ರಕಟಿಸಿದರು. ಆಗ ಕಂಪನಿಯು ಸಂಗತಿಯನ್ನು ಒಪ್ಪಿಕೊಂಡಿತು: ಮುದಿಯಾದ ಬ್ಯಾಟರಿಯು ಒಮ್ಮೆಲೇ ಹೆಚ್ಚು ವಿದ್ಯುತ್ತನ್ನು ಕೊಡಲಾರದೆ ಸೋತು ಫೋನು ಏಕಾಏಕಿ ಆರಿಹೋಗುವುದನ್ನು ತಪ್ಪಿಸಲು, ಅದೇ ವರ್ಷದ ಆರಂಭದಲ್ಲಿ ಕಳುಹಿಸಿದ ತಂತ್ರಾಂಶದ ಮೂಲಕ ಲಯವನ್ನು ತಗ್ಗಿಸಿದ್ದೆವು ಎಂದು. ತಾಂತ್ರಿಕವಾಗಿ ನೋಡಿದರೆ ಅದು ಅವಿವೇಕದ ಕ್ರಮವಲ್ಲ. ಬಳಲಿದ ಕೋಣವನ್ನು ಓಟಕ್ಕೆ ಇಳಿಸದಿರುವುದು ನ್ಯಾಯವೇ. ಆದರೆ ಕೋಣದ ಯಜಮಾನನಿಗೆ ಹೇಳಬೇಡವೆ? ಬ್ಯಾಟರಿ ಬದಲಿಸಿದರೆ ಸಾಕಾಗಿದ್ದಲ್ಲಿ, ಫೋನೇ ಹಳತಾಯಿತೆಂದು ಬಗೆದು ಹೊಸದನ್ನು ಕೊಂಡವರೆಷ್ಟು ಮಂದಿಯೋ! ಕಂಪನಿ ಕ್ಷಮೆ ಕೇಳಿತು. ಬ್ಯಾಟರಿ ಬದಲಾವಣೆಯ ದರವನ್ನು ಅಮೆರಿಕದಲ್ಲಿ 79 ಡಾಲರಿನಿಂದ 29ಕ್ಕೆ ಇಳಿಸಿತು. 2020ರಲ್ಲಿ ಫ್ರಾನ್ಸಿನ ಅಧಿಕಾರಿಗಳು ಎರಡೂವರೆ ಕೋಟಿ ಯೂರೋ ದಂಡ ವಿಧಿಸಿದರು. ಅಮೆರಿಕದಲ್ಲಿ ಕಂಪನಿಯು 50 ಕೋಟಿ ಡಾಲರುಗಳವರೆಗೆ ತೆರಲು ಒಪ್ಪಿ ರಾಜಿ ಮಾಡಿಕೊಂಡಿತು.

ಈಗ ಬೀಸುವ ಗಾಳಿ ಬೇರೆ. ಓವರ್‌ಕ್ಲಾಕಿಂಗನ್ನು ಕಂಪನಿಗಳೇ ರಾಜಮಾರ್ಗದಲ್ಲಿ ಮಾರುತ್ತಿವೆ. 2023ರಲ್ಲಿ ಬಂದ ಗ್ಯಾಲಕ್ಸಿ ಎಸ್23ಕ್ಕಾಗಿ, ಇತರರಿಗೆ 3.2 ಗಿಗಾಹರ್ಟ್ಸಿನಲ್ಲಿ ಒದಗಿಸಿದ ಚಿಪ್ಪನ್ನೇ 3.36ಕ್ಕೆ ಏರಿಸಿ ಕೊಡಲಾಯಿತು. ಹಲವು ಫೋನುಗಳಲ್ಲಿ ಆಟದ ಹೊತ್ತಿಗೆಂದೇ ವೇಗ ಹೆಚ್ಚಿಸುವ ಗುಂಡಿಯನ್ನು ಇಟ್ಟಿದ್ದಾರೆ. ಒತ್ತುವ ಕೈ ನಮ್ಮದೇ ಆಗಿರುವುದರಿಂದ, ಅದರ ಬೆಲೆಯೇನೆಂದು ತಿಳಿದಿರುವ ಹೊಣೆಯೂ ನಮ್ಮದೇ.

ಕಡಲತಡಿಯ ಸೆಕೆ

ಈ ಬೆಲೆ ಎಲ್ಲ ಊರುಗಳಲ್ಲಿಯೂ ಒಂದೇ ಅಲ್ಲ. ಮಂಗಳೂರಿನವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಮೇಜಿನ ಮೇಲಿನ ಕಂಪ್ಯೂಟರಿಗೆ ಪಂಕವಿದೆ. ಹೆಚ್ಚಿನ ಫೋನುಗಳಿಗೆ ಅದಿಲ್ಲ. ಚಿಪ್ಪಿನ ಕಾವು ಫೋನಿನ ಮೈಯಿಂದಲೇ ಹೊರಗಿನ ಗಾಳಿಗೆ ಹೋಗಬೇಕು. ಕಾವು ಎಷ್ಟು ಬೇಗ ಹೋಗುತ್ತದೆಂಬುದು ಮೈಯ ಬಿಸಿಗೂ ಗಾಳಿಯ ಬಿಸಿಗೂ ಇರುವ ಅಂತರವನ್ನು ಅವಲಂಬಿಸಿದೆ. ಫೋನಿನ ಬೆನ್ನು 43 ಡಿಗ್ರಿಗೆ ಏರಿದೆಯೆನ್ನಿ. ಮಡಿಕೇರಿಯ 20 ಡಿಗ್ರಿಯ ಗಾಳಿಯಲ್ಲಿ ಅಂತರ 23. ಏಪ್ರಿಲ್ ತಿಂಗಳ ಮಂಗಳೂರಿನ ಮಧ್ಯಾಹ್ನದ 33 ಡಿಗ್ರಿಯಲ್ಲಿ ಅಂತರ ಹತ್ತೇ ಡಿಗ್ರಿ. ಅದೇ ಫೋನು ಮಡಿಕೇರಿಯಲ್ಲಿ ಹೊರಹಾಕುವ ಕಾವಿನ ಅರ್ಧದಷ್ಟನ್ನೂ ಇಲ್ಲಿ ಹೊರಹಾಕಲಾರದು. ನಮ್ಮ ಬೆವರನ್ನು ಆರಗೊಡದ ಕಡಲ ತೇವ ಬೆವರದ ಫೋನನ್ನೇನೂ ಕಾಡುವುದಿಲ್ಲ. ಆದರೆ ಸೆಕೆ ಕಾಡುತ್ತದೆ.

ಕಾವು ಹೋಗಲು ದಾರಿಯಿಲ್ಲದಿದ್ದರೆ ಫೋನು ತನ್ನನ್ನು ತಾನೇ ರಕ್ಷಿಸಿಕೊಳ್ಳಲು ಲಯವನ್ನು ಇಳಿಸುತ್ತದೆ. ಹೀಗಾಗಿ ಏರಿಸಿದ ವೇಗದ ಸುಖ ಮೊದಲ ಕೆಲವು ನಿಮಿಷಗಳದು. ಆಮೇಲೆ ಉಳಿಯುವುದು ಬಿಸಿಯಾದ ಕೈ ಮತ್ತು ಬರಿದಾಗುತ್ತಿರುವ ಬ್ಯಾಟರಿ. ವೇಗಕ್ಕಾಗಿ ತೆತ್ತ ಹಣ ವೇಗವನ್ನೂ ಉಳಿಸಲಿಲ್ಲ.

ಇನ್ನು ಬ್ಯಾಟರಿಯ ಮಾತು. 1991ರಲ್ಲಿ ಸೋನಿ ಕಂಪನಿಯು ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಬ್ಯಾಟರಿಯೇ ಇಂದಿನ ಎಲ್ಲ ಫೋನುಗಳ ಜೀವಾಳ. ಅದರ ಮೂಲಸಂಶೋಧಕರಾದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಆ ಬ್ಯಾಟರಿಗೆ ಕಾವು ಪರಮವೈರಿ. ಬಿಸಿಯಲ್ಲಿ ಅದರೊಳಗಿನ ರಾಸಾಯನಿಕಗಳು ಬೇಡದ ಕೂಟಗಳನ್ನು ಕಟ್ಟಿ, ಅದರ ಹಿಡಿತ ಶಾಶ್ವತವಾಗಿ ಕುಗ್ಗುತ್ತದೆ. 35 ಡಿಗ್ರಿಗಿಂತ ಬಿಸಿಯಾದ ಹವೆಯಲ್ಲಿ ತನ್ನ ಫೋನುಗಳನ್ನು ಬಳಸಬಾರದೆಂದು ಆಪಲ್ ಕಂಪನಿಯೇ ಹೇಳುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಈ ಗಡಿ ಎಷ್ಟು ಬೇಗ ದಾಟುತ್ತದೆಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

ಬ್ಯಾಟರಿಯ ಆಯುಷ್ಯವನ್ನು ಪೂರ್ಣ ಚಾರ್ಜುಗಳ ಎಣಿಕೆಯಲ್ಲಿ ಹೇಳುವುದು ವಾಡಿಕೆ. 500 ಸಲ ಪೂರ್ತಿ ತುಂಬಿ ಬರಿದಾದ ಮೇಲೂ ನೂರಕ್ಕೆ 80ರಷ್ಟು ಹಿಡಿತ ಉಳಿದಿರಬೇಕೆಂಬುದು ಬಹುಕಾಲದ ಅಳತೆಗೋಲು. ಐರೋಪ್ಯ ಒಕ್ಕೂಟವು 2025ರ ಜೂನ್ 20ರಿಂದ ಈ ಎಣಿಕೆ ಕನಿಷ್ಠ 800 ಇರಬೇಕೆಂದು ಕಟ್ಟಳೆ ಮಾಡಿದೆ. ದಿನಕ್ಕೊಂದು ಚಾರ್ಜಿನಂತೆ 500 ಚಾರ್ಜುಗಳೆಂದರೆ ಸುಮಾರು 16 ತಿಂಗಳು. ವೇಗದ ಚಪಲದಿಂದ ದಿನಕ್ಕೆರಡು ಚಾರ್ಜು ಬೇಕಾದರೆ ಎಂಟೇ ತಿಂಗಳು. ಓವರ್‌ಕ್ಲಾಕಿಂಗಿನ ನಿಜವಾದ ಬೆಲೆ ಇದು: ಇಂದಿನ ಸಂಜೆಯ ಚಾರ್ಜು ಮಾತ್ರವಲ್ಲ, ಬರುವ ವರ್ಷದ ಬ್ಯಾಟರಿಯೂ ಅದರಲ್ಲಿ ಸೇರಿದೆ.

ಕೊನೆಯ ಗಂಟೆಯ ಮಹತ್ವ

ಫೋನಿನ ಎಲ್ಲ ಗಂಟೆಗಳಿಗೂ ಒಂದೇ ಬೆಲೆಯಿಲ್ಲ. ಬ್ಯಾಟರಿ ತುಂಬಿರುವಾಗಿನ ಗಂಟೆ ಅಗ್ಗ. ಆರುವ ಮುಂಚಿನ ಗಂಟೆ ಅಮೂಲ್ಯ. ಇದನ್ನು ಕಡಲತೀರದ ಜನರಷ್ಟು ಚೆನ್ನಾಗಿ ಅರಿತವರಿಲ್ಲ.

1997ರಿಂದ 2001ರ ಅವಧಿಯಲ್ಲಿ ಕೇರಳದ ಉತ್ತರ ತೀರದ ಕೋಳಿಕೋಡು, ಕಣ್ಣೂರು ಮತ್ತು 1956ರವರೆಗೆ ನಮ್ಮ ದಕ್ಷಿಣ ಕನ್ನಡದೊಳಗೇ ಇದ್ದ ಕಾಸರಗೋಡು, ಈ ಜಿಲ್ಲೆಗಳಿಗೆ ಮೊಬೈಲ್ ಸಂಪರ್ಕ ಹಂತಹಂತವಾಗಿ ಬಂದಿತು. ಅದರ ಪರಿಣಾಮವನ್ನು ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಅಭ್ಯಾಸಮಾಡಿ 2007ರಲ್ಲಿ ಪ್ರಕಟಿಸಿದರು. ಅದಕ್ಕೆ ಮೊದಲು, ಬೂತಾಯಿ ತುಂಬಿಕೊಂಡ ದೋಣಿಯು ಒಂದು ತೀರಕ್ಕೆ ಬಂದಾಗ ಅಲ್ಲಿ ಕೊಳ್ಳುವವರಿಲ್ಲದೆ ಮೀನನ್ನು ಕಡಲಿಗೇ ಸುರಿಯಬೇಕಾಗುತ್ತಿತ್ತು; ಅದೇ ಹೊತ್ತಿಗೆ ಕೆಲವೇ ಮೈಲು ಆಚೆಯ ತೀರದಲ್ಲಿ ಮೀನಿಲ್ಲದೆ ಜನ ಬರಿಗೈಯಲ್ಲಿ ಮರಳುತ್ತಿದ್ದರು. ಕಡಲಿನಿಂದಲೇ ಫೋನು ಮಾಡಿ ದರ ಕೇಳುವಂತಾದ ಮೇಲೆ ಆ ವ್ಯರ್ಥ ನಿಂತಿತು. ಬೆಸ್ತರ ಲಾಭ ಸರಾಸರಿ ನೂರಕ್ಕೆ 8ರಷ್ಟು ಹೆಚ್ಚಿತು. ಕೊಳ್ಳುವವರಿಗೆ ಬೆಲೆ ನೂರಕ್ಕೆ 4ರಷ್ಟು ಇಳಿಯಿತು.

ಗಮನಿಸಬೇಕಾದ ಮಾತೆಂದರೆ, ಆ ಉಪಕಾರವನ್ನು ಮಾಡಿದ ಫೋನುಗಳಿಗೆ ವೇಗವೆಂಬುದೇ ಇರಲಿಲ್ಲ. ದೋಣಿ ದಡದತ್ತ ತಿರುಗಿದ ಹೊತ್ತಿನಲ್ಲಿ ಅವುಗಳಿಗೆ ಜೀವವಿತ್ತು, ಅಷ್ಟೆ. ಮಂಗಳೂರಿನ ದಕ್ಕೆಯಿಂದ ಹೊರಡುವವನಿಗೆ ಇಂದಿಗೂ ಬೇಕಾದುದು ಅದೇ. ದಡದಲ್ಲಿರುವವರ ಸಂಗತಿಯೂ ಬೇರೆಯಲ್ಲ. ಮೀನು ಮಾರುವಾಕೆಗೆ ಹಣ ಬಂದುದನ್ನು ತಿಳಿಸುವುದು ಫೋನು. ಆಟೋದವನಿಗೆ ಬಾಡಿಗೆ ಕೊಡಿಸುವುದು ಫೋನು. ಗಲ್ಫಿನಲ್ಲಿರುವ ಮಗನ ದನಿ ತಾಯಿಗೆ ಕೇಳಿಸುವುದು ಫೋನು. ಜೂನ್-ಜುಲೈ ತಿಂಗಳ ಗಾಳಿಮಳೆಗೆ ಮರ ಉರುಳಿ ತಂತಿ ಕಡಿದು, ಮೆಸ್ಕಾಂ ಸಿಬ್ಬಂದಿ ಅದನ್ನು ಸರಿಪಡಿಸುವವರೆಗೆ ಊರು ಕತ್ತಲಲ್ಲಿ ಕೂತಾಗ, ಉಳಿದಿರುವ ನೂರಕ್ಕೆ ಹತ್ತರಷ್ಟು ಚಾರ್ಜು ಮನೆಮಂದಿಯ ಧೈರ್ಯವೇ ಆಗಿರುತ್ತದೆ. ಆ ಹತ್ತನ್ನು ಮಧ್ಯಾಹ್ನದ ಆಟದಲ್ಲಿ ಕೊಂಚ ಹೆಚ್ಚಿನ ವೇಗಕ್ಕೆ ಮಾರಿಕೊಂಡಿದ್ದರೆ?

ಮಾಡಬೇಕಾದುದೇನು?

ವ್ಯವಹಾರಕ್ಕೆ ಬರೋಣ. ಫೋನು ನಿಧಾನವಾಯಿತೆಂದು ಕಂಡರೆ ಮೊದಲು ಅನುಮಾನಿಸಬೇಕಾದುದು ಪ್ರೊಸೆಸರನ್ನಲ್ಲ, ಬ್ಯಾಟರಿಯನ್ನು ಮತ್ತು ತುಂಬಿತುಳುಕುವ ಸಂಗ್ರಹವನ್ನು. ಎರಡು-ಮೂರು ವರ್ಷ ದುಡಿದ ಬ್ಯಾಟರಿಯನ್ನು ಬದಲಿಸಿದರೆ ಹಳೆಯ ಫೋನು ಮರುಜೀವ ಪಡೆಯುವುದುಂಟು. ಹೊಸ ಫೋನಿನ ಬೆಲೆಗೆ ಹೋಲಿಸಿದರೆ ಇದು ಅಲ್ಪವ್ಯಯ. ವೇಗದ ಗುಂಡಿಯನ್ನು ಒತ್ತಲೇಬೇಕಾದರೆ ಪಂಕದ ಕೆಳಗೆ, ದಪ್ಪ ಕವರನ್ನು ತೆಗೆದು, ಅಗತ್ಯವಿದ್ದಷ್ಟೇ ಹೊತ್ತು ಒತ್ತಬೇಕು. ಚಾರ್ಜಿಗೆ ಹಾಕಿಕೊಂಡೇ ಭಾರಿ ಆಟವಾಡುವುದು ಎರಡು ಒಲೆಗಳ ನಡುವೆ ಬ್ಯಾಟರಿಯನ್ನು ಇಟ್ಟಂತೆ. ಮಳೆಗಾಲದ ದಿನ, ದೂರದ ಪ್ರಯಾಣದ ದಿನ, ಕಡಲಿಗೆ ಇಳಿಯುವ ದಿನ ‘ಪವರ್ ಸೇವಿಂಗ್’ ವಿಧಾನವನ್ನು ಬೆಳಿಗ್ಗೆಯೇ ಹಾಕಿಕೊಳ್ಳುವುದು ಲೇಸು. ಲಯ ಸ್ವಲ್ಪ ಇಳಿದರೂ ಉಳಿತಾಯ ಬಹಳವೆಂಬುದನ್ನು ಲೆಕ್ಕವೇ ತೋರಿಸಿಕೊಟ್ಟಿದೆ.

ಬ್ಯಾಟರಿ ಉಬ್ಬಿ ಫೋನಿನ ಬೆನ್ನು ಎದ್ದಿದ್ದರೆ, ಅದನ್ನು ಒತ್ತುವುದಾಗಲಿ ಚುಚ್ಚುವುದಾಗಲಿ ಚಾರ್ಜಿಗೆ ಹಾಕುವುದಾಗಲಿ ಸಲ್ಲದು. ಕೂಡಲೇ ತಿಳಿದವರ ಕೈಗೆ ಒಪ್ಪಿಸಬೇಕು. ತೆಗೆದ ಬ್ಯಾಟರಿಯನ್ನು ಮನೆಯ ಕಸದೊಡನೆ ಪಚ್ಚನಾಡಿಯ ರಾಶಿಗೆ ಕಳುಹಿಸುವುದು ಬೆಂಕಿಗೆ ಆಹ್ವಾನವಿತ್ತಂತೆ. ಹಳೆಯ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಮಾರಿದ ಅಂಗಡಿಯಲ್ಲಿ ಈ ಬಗ್ಗೆ ವಿಚಾರಿಸಿ ನೋಡುವುದು ಲೇಸು.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದರು. ಹಾಸಿಗೆಯ ಅಳತೆ ತಿಳಿದಿದ್ದರಲ್ಲವೆ ಆ ಮಾತು ನಡೆಸಲು ಸಾಧ್ಯ? ಆದುದರಿಂದ ಫೋನು ಕೊಳ್ಳುವಾಗ ಎಷ್ಟು ಗಿಗಾಹರ್ಟ್ಸ್ ಎಂದು ಕೇಳಿ ಸುಮ್ಮನಾಗದೆ, ಈ ವೇಗ ಎಷ್ಟು ನಿಮಿಷ ನಿಲ್ಲುತ್ತದೆ, ಬ್ಯಾಟರಿ ಎಷ್ಟು ಚಾರ್ಜು ತಡೆಯುತ್ತದೆ, ಬದಲಿಸಲು ಏನು ಖರ್ಚು ಎಂಬ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ನಾವು ಮಾಡಿಕೊಳ್ಳಬೇಕು. ಉತ್ತರ ಕೊಡಲಾರದ ಅಂಗಡಿಯವನು ಮುಂದಿನ ಗಿರಾಕಿ ಕೇಳುವಷ್ಟರಲ್ಲಿ ಅದನ್ನು ತಿಳಿದುಕೊಂಡಿರುತ್ತಾನೆ.